ಎನ್‌ಎಫ್‌ಎಲ್ ಮ್ಯಾಚ್ 6–1 ಅಂತ ಮುಗಿಯೋಕೆ ಸಾಧ್ಯನಾ?

ಪ್ರಶ್ನೆ: ಸರ್, ನಾನು ಶಿವಮೊಗ್ಗದ ಕಡೆಯವನು, ಎರಡು ವರ್ಷದಿಂದ ನ್ಯೂಜೆರ್ಸಿಲಿ ಇದೀನಿ. ಆಫೀಸಲ್ಲಿ ಶುಕ್ರವಾರ ಸಂಜೆ ಟ್ರಿವಿಯಾ ನಡೆಸ್ತಾರೆ. ಹೋದ ವಾರ ಇಲ್ಲಿನ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಬಗ್ಗೆ, "ಎನ್‌ಎಫ್‌ಎಲ್ ಮ್ಯಾಚ್ 6–1 ಅಂತ ಮುಗಿಯಬಹುದಾ" ಅಂತ ಕೇಳಿದ್ರು. ಒಂದು ಪಾಯಿಂಟ್ ಸಿಗೋದು ಟಚ್‌ಡೌನ್ ಆದ್ಮೇಲೆ ಒದೆಯೋ ಕಿಕ್‌ಗೆ ಮಾತ್ರ, ಹಾಗಾಗಿ ಬರೀ 1 ಇರೋಕೆ ಆಗಲ್ಲ ಅಂತ ಎದೆ ತಟ್ಟಿ ಹೇಳ್ಬಿಟ್ಟೆ. ತಪ್ಪು ಅಂದ್ರು, ಎಲ್ಲರೂ ನಕ್ರು, ಯಾಕೆ ತಪ್ಪು ಅಂತ ಕೇಳಿದ್ರೆ ಒಬ್ಬರಿಗೂ ನೆಟ್ಟಗೆ ಹೇಳೋಕೆ ಬರ್ಲಿಲ್ಲ. ನೀವು ಹೇಳ್ತೀರಾ? ಇಂಥ ಮಜಾ ರೂಲ್ಸ್ ಇನ್ನೂ ಇದ್ರೆ ಅದನ್ನೂ ಹೇಳಿ, ಮುಂದಿನ ವಾರ ಅವರಿಗೆ ತಿರುಗಿಸಿ ಕೊಡಬೇಕು.

ಉತ್ತರ: ಮೊದ್ಲು ನಿಮ್ಮ ಮರ್ಯಾದೆ ಉಳಿಸೋ ಮಾತು ಹೇಳ್ಬಿಡ್ತೀನಿ. 1920ರಲ್ಲಿ ಲೀಗ್ ಶುರುವಾದಾಗಿಂದ 17 ಸಾವಿರಕ್ಕೂ ಹೆಚ್ಚು ಮ್ಯಾಚ್ ಆಗಿವೆ, ಅದ್ರಲ್ಲಿ ಒಂದೇ ಒಂದು ಟೀಮೂ ಬರೀ 1 ಪಾಯಿಂಟ್ ಇಟ್ಕೊಂಡು ಮನೆಗೆ ಹೋಗಿಲ್ಲ. ಸೊನ್ನೆಗೆ ಹೋದೋರು ಬೇಕಾದಷ್ಟು ಜನ ಇದಾರೆ, 2ಕ್ಕೆ ಹೋದೋರೂ ಇದಾರೆ, ಒಂದು ಟೀಮಂತೂ 4 ಇಟ್ಕೊಂಡು ಸೋತಿದೆ, 1 ಮಾತ್ರ ಇಲ್ಲ. ಹಾಗಾಗಿ ನೀವು ಹೇಳಿದ್ದು ನಡೆದಿರೋ ಇತಿಹಾಸದ ಲೆಕ್ಕದಲ್ಲಿ ಸರಿ. ರೂಲ್ ಬುಕ್ ಲೆಕ್ಕದಲ್ಲಿ ಮಾತ್ರ ತಪ್ಪು, ಅದೂ 2015ರಿಂದ ಈಚೆಗೆ.

ಹೇಗೆ ಅಂತ ಹೇಳೋಕೆ ಮುಂಚೆ ಸೇಫ್ಟಿ ಅಂದ್ರೇನು ಅಂತ ಗೊತ್ತಿರಬೇಕು, ಯಾಕಂದ್ರೆ ಇಡೀ ಕಥೆ ಅದರ ಮೇಲೇ ನಿಂತಿರೋದು. ಮೈದಾನದ ಎರಡೂ ತುದಿಲಿರೋ ಪಟ್ಟಿಗೆ ಎಂಡ್ ಝೋನ್ ಅಂತಾರೆ, ಎದುರಾಳಿ ಕಾಯೋ ಎಂಡ್ ಝೋನ್ ಒಳಗೆ ಬಾಲ್ ಒಯ್ದ್ರೆ ಟಚ್‌ಡೌನ್, ಅದಕ್ಕೆ 6, ಆಟದ ನಡುವೆ ಒದ್ದು ಕಂಬದ ಮಧ್ಯೆ ದಾಟಿಸೋ ಫೀಲ್ಡ್ ಗೋಲ್‌ಗೆ 3, ಇದು ನಿಮಗೆ ಗೊತ್ತೇ ಇದೆ. ಟಚ್‌ಡೌನ್ ಆದ್ಮೇಲೆ ಒಂದು ಬೋನಸ್ ಅವಕಾಶ ಸಿಗತ್ತಲ್ಲ, ಅದಕ್ಕೆ ಟ್ರೈ ಅಂತ ಹೆಸರು, ಒದ್ದು ಕಂಬದ ಮಧ್ಯೆ ದಾಟಿಸಿದ್ರೆ 1, ಒದೆಯೋದು ಬೇಡ ಅಂತ 2 ಯಾರ್ಡ್ ಗೆರೆಯಿಂದ ಓಡಿಯೋ ಪಾಸ್ ಕೊಟ್ಟೋ ಒಳಗೆ ನುಗ್ಗಿದ್ರೆ 2. ಸೇಫ್ಟಿ ಬೇರೆ. ಬಾಲ್ ನಿಮ್ಮ ಕೈಲಿದೆ, ನೀವು ಹಿಂದೆ ಹಿಂದೆ ಹೋಗ್ತಾ ನಿಮ್ಮದೇ ಎಂಡ್ ಝೋನ್ ಒಳಗೆ ಸಿಕ್ಕಾಕ್ಕೊಂಡು ಬಿದ್ರಿ ಅಂದ್ರೆ ಎದುರಾಳಿಗೆ 2 ಪಾಯಿಂಟ್, ಅಷ್ಟು ಸಾಲದು ಅಂತ ಮುಂದಿನ ಆಟಕ್ಕೆ ಬಾಲನ್ನೂ ನೀವೇ ಒದ್ದು ಅವರ ಕೈಗೆ ಒಪ್ಪಿಸಬೇಕು. ಬರೆ ಹಾಕಿಸ್ಕೊಂಡು ಬೆತ್ತಾನೂ ನೀವೇ ತಂದುಕೊಟ್ಟ ಹಾಗೆ.

ನಾನು ಇಲ್ಲಿ ಶನಿವಾರದ ಹೊತ್ತು ಮಕ್ಕಳ ಫ್ಲ್ಯಾಗ್ ಫುಟ್‌ಬಾಲ್‌ಗೆ ರೆಫ್ರಿ ಕೆಲಸಕ್ಕೆ ನಿಲ್ತೀನಿ, ಸಂಬಳ ಗಿಂಬಳ ಏನಿಲ್ಲ, ಒಂದು ಸೀಟಿ ಮತ್ತೆ ಬೆನ್ನು ನೋವು. ಎಂಟೊಂಬತ್ತು ವರ್ಷದ ಮಕ್ಕಳಲ್ಲಿ ಸೇಫ್ಟಿ ಪ್ರತಿ ವಾರ ಆಗತ್ತೆ. ಎದುರಿಂದ ನಾಲ್ಕು ಜನ ಓಡಿ ಬರ್ತಿದ್ರೆ ಮಗು ಏನು ಮಾಡತ್ತೆ, ತಿರುಗಿ ಓಡತ್ತೆ. ಗೆರೆ ಹೊರಗೆ ನಿಂತ ಅಪ್ಪ "ಆ ಕಡೆ ಅಲ್ಲ, ಈ ಕಡೆ!" ಅಂತ ಗಂಟಲು ಹರ್ಕೊತಿರ್ತಾರೆ, ಮಗು ಅಪ್ಪ ಹುರಿದುಂಬಿಸ್ತಿದಾರೆ ಅಂದ್ಕೊಂಡು ಇನ್ನೂ ಜೋರಾಗಿ ಹಿಂದಕ್ಕೆ ಓಡತ್ತೆ. ಮಕ್ಕಳು ಅಂತ ನಗ್ತೀವಿ, ದೊಡ್ಡೋರೂ ಮಾಡಿದಾರೆ. 2008ರ ಅಕ್ಟೋಬರ್‌ನಲ್ಲಿ ಡೆಟ್ರಾಯ್ಟ್ ಲಯನ್ಸ್ ಕ್ವಾರ್ಟರ್‌ಬ್ಯಾಕ್ (ಬಾಲ್ ತಗೊಂಡು ಪಾಸ್ ಕೊಟ್ಟು ಆಟ ನಡೆಸೋನು) ಡ್ಯಾನ್ ಓರ್ಲೋವ್ಸ್ಕಿ, ಮಿನೆಸೋಟ ವೈಕಿಂಗ್ಸ್ ವಿರುದ್ಧ, ತನ್ನ ಎಂಡ್ ಝೋನ್ ಒಳಗೇ ಪಾಸ್ ಕೊಡೋಕೆ ಜಾಗ ಹುಡುಕ್ತಾ, ಜ್ಯಾರೆಡ್ ಅಲೆನ್ ಅನ್ನೋ ದೈತ್ಯ ಅಟ್ಟಿಸ್ಕೊಂಡು ಬರ್ತಿದಾನೆ ಅಂತ ಬಲಗಡೆ ಓಡ್ತಾ ಓಡ್ತಾ, ಹಿಂದಿನ ಗೆರೆ ದಾಟಿ ಮೈದಾನದಿಂದ ಆಚೆ ಕಾಲಿಟ್ಟಿದಾನೆ, ಅದು ಅವನಿಗೇ ಗೊತ್ತಿಲ್ಲ, ಸೀಟಿ ಹೊಡೆದ್ರೂ ಇನ್ನೂ ಓಡ್ತಾನೇ ಇದಾನೆ. ಸೇಫ್ಟಿ. ಮ್ಯಾಚ್ ಮುಗಿದಾಗ ವೈಕಿಂಗ್ಸ್ 12, ಲಯನ್ಸ್ 10. ಸರಿಯಾಗಿ ಆ ಎರಡೇ ಪಾಯಿಂಟ್. ಆ ವರ್ಷ ಲಯನ್ಸ್ 16ಕ್ಕೆ 16 ಮ್ಯಾಚೂ ಸೋತ್ರು.

ಬೇಕಂತಲೇ ಸೇಫ್ಟಿ ಕೊಟ್ಟೋರೂ ಇದಾರೆ ಅಂದ್ರೆ ನಂಬ್ತೀರಾ? 2013ರ ಫೆಬ್ರವರಿಲಿ ನಡೆದ ಸೂಪರ್ ಬೌಲ್, ಅಂದ್ರೆ ಲೀಗಿನ ಫೈನಲ್, ಬಾಲ್ಟಿಮೋರ್ ರೇವನ್ಸ್ 34, ಸ್ಯಾನ್ ಫ್ರಾನ್ಸಿಸ್ಕೋ 29, ಗಡಿಯಾರದಲ್ಲಿ 12 ಸೆಕೆಂಡ್ ಉಳಿದಿದೆ, ರೇವನ್ಸ್ ತಮ್ಮ ಎಂಡ್ ಝೋನ್ ಹತ್ರಾನೇ ಪಂಟ್ ಮಾಡಬೇಕು, ಅಂದ್ರೆ ಬಾಲನ್ನ ದೂರ ಒದ್ದು ಎದುರಾಳಿಗೆ ಬಿಟ್ಕೊಡಬೇಕು. ಪಂಟರ್ ಸ್ಯಾಮ್ ಕೋಕ್ ಒದೀಲೇ ಇಲ್ಲ. ಬಾಲ್ ಹಿಡ್ಕೊಂಡು ಎಂಡ್ ಝೋನ್ ಒಳಗೇ ಅಡ್ಡಾದಿಡ್ಡಿ ತಿರುಗಾಡಿ 8 ಸೆಕೆಂಡ್ ತಿಂದು ಮೆಲ್ಲಗೆ ಆಚೆ ಹೋದ. 2 ಪಾಯಿಂಟ್ ದಾನ ಕೊಟ್ಟು ಟೈಮ್ ಕೊಂಡ್ಕೊಂಡ್ರು, 34–31ಕ್ಕೆ ಕಪ್ ಗೆದ್ರು. ನನಗೆ ಈ ಆಟದಲ್ಲಿ ತುಂಬಾ ಇಷ್ಟ ಆಗೋದು ಇಂಥ ಶೆಟ್ಟರಂಗಡಿ ಲೆಕ್ಕಾಚಾರ, ಡಿಕ್ಕಿ ಹೊಡೆಯೋದಲ್ಲ.

ಈಗ ನಿಮ್ಮ 6–1ಕ್ಕೆ ಬರೋಣ. ಟ್ರೈ ನಡೀತಿರುವಾಗ ಸೇಫ್ಟಿ ಥರದ್ದೇನಾದ್ರೂ ಆದ್ರೆ ಅದಕ್ಕೆ 2 ಅಲ್ಲ, 1 ಪಾಯಿಂಟ್. ಇದನ್ನ ಒಂದು ಪಾಯಿಂಟ್ ಸೇಫ್ಟಿ ಅಂತಾರೆ. 2015ರವರೆಗೆ ಎನ್‌ಎಫ್‌ಎಲ್‌ನಲ್ಲಿ ಟ್ರೈ ಹೊತ್ತಲ್ಲಿ ಬಾಲ್ ಡಿಫೆನ್ಸ್ ಕೈಗೆ ಹೋದ ತಕ್ಷಣ ಆಟ ನಿಂತುಹೋಗ್ತಿತ್ತು, ಆ ವರ್ಷ ರೂಲ್ ಬದಲಾಯಿಸಿ ಡಿಫೆನ್ಸ್‌ನೋರೂ ಅದನ್ನ ಎತ್ಕೊಂಡು ಓಡಬಹುದು, ಆ ತುದಿ ಮುಟ್ಟಿದ್ರೆ 2 ಪಾಯಿಂಟ್ ಅಂತ ಮಾಡಿದ್ರು. ಅಲ್ಲಿಗೆ ಬಾಗಿಲು ತೆರೀತು.

ಹೀಗೆ ಕಲ್ಪಿಸ್ಕೊಳಿ. 'ಅ' ಟೀಮ್ ಟಚ್‌ಡೌನ್ ಹೊಡೀತು, 6–0. ಟ್ರೈಗೆ 2 ಯಾರ್ಡ್ ಗೆರೆಲಿ ನಿಂತ್ರು, ಪಾಸ್ ಕೊಟ್ರು, 'ಬ' ಟೀಮಿನೋನು ಹಾರಿ ಕಿತ್ಕೊಂಡ. ಅವನು ಮೈದಾನದ ಉದ್ದಕ್ಕೂ ತೊಂಬತ್ತು ತೊಂಬತ್ತೈದು ಯಾರ್ಡ್ ಓಡಿದಾನೆ, ಇನ್ನೇನು ಗೆರೆ ಮುಟ್ಟಬೇಕು, ಅಷ್ಟ್ರಲ್ಲಿ ಬೆವರಿಗೋ ಗಡಿಬಿಡಿಗೋ ಬಾಲ್ ಕೈಜಾರಿತು. ಹಿಂದೆ ಓಡಿ ಬಂದಿದ್ದ 'ಅ' ಟೀಮಿನ ಪುಣ್ಯಾತ್ಮ ಮೂರು ಯಾರ್ಡ್ ಗೆರೆ ಹತ್ರ ಅದನ್ನ ಎತ್ಕೊಂಡ. ಅಲ್ಲೇ ಮಲಗಿಬಿಟ್ಟಿದ್ರೆ ಕಥೆ ಮುಗೀತಿತ್ತು. ಆದ್ರೆ ಅವನಿಗೆ ತಪ್ಪಿಸ್ಕೊಂಡು ಓಡೋ ಚಪಲ, ತಾನೇ ಸುತ್ತು ಹೊಡೆದು ತನ್ನ ಎಂಡ್ ಝೋನ್ ಒಳಗೆ ಹೋದ, ಅಲ್ಲಿ ಕೆಡವಿದ್ರು. 'ಬ' ಟೀಮಿಗೆ 1 ಪಾಯಿಂಟ್. ಆಮೇಲೆ ಯಾರೂ ಏನೂ ಹೊಡೀಲಿಲ್ಲ ಅಂದ್ಕೊಳಿ, ಸ್ಕೋರ್ ಬೋರ್ಡಲ್ಲಿ 6–1. ಇದು ಆಗೋದು ತೆಂಗಿನಕಾಯಿ ಕೆಳಗಿಂದ ಮೇಲಕ್ಕೆ ಬಿದ್ದಷ್ಟು ಅಪರೂಪ, ಆದ್ರೆ ಹಾಗೇನಾದ್ರೂ ಆದ್ರೆ ಬರ್ಕೊಳ್ಳೋಕೆ ರೂಲ್ ಬುಕ್ಕಲ್ಲಿ ಜಾಗ ಇದೆ.

ಬರೀ ಕಾಗದದ ಮೇಲಿನ ರೂಲ್ ಅಂತಾನೂ ಅಂದ್ಕೋಬೇಡಿ. ಇದರ ಸುಲಭದ ರೂಪ, ಅಂದ್ರೆ ಟಚ್‌ಡೌನ್ ಹೊಡೆದೋರಿಗೇ ಆ 1 ಸಿಗೋದು, ಕಾಲೇಜ್ ಫುಟ್‌ಬಾಲಲ್ಲಿ ದೊಡ್ಡ ದೊಡ್ಡ ಮ್ಯಾಚಲ್ಲೇ ಆಗಿದೆ. 2004ರಲ್ಲಿ ಟೆಕ್ಸಸ್ ಮತ್ತೆ ಟೆಕ್ಸಸ್ ಎ ಅಂಡ್ ಎಂ ಆಡಿದಾಗ ಒಂದ್ಸಲ, 2013ರ ಜನವರಿಲಿ ಫಿಯೆಸ್ಟಾ ಬೌಲಲ್ಲಿ ಇನ್ನೊಂದ್ಸಲ. ಫಿಯೆಸ್ಟಾ ಬೌಲಲ್ಲಿ ಆರೆಗಾನ್‌ನೋರ ಕಿಕ್ಕನ್ನ ಕನ್ಸಾಸ್ ಸ್ಟೇಟ್‌ನೋರು ತಡೆದ್ರು, ಅಲ್ಲಿಗೆ ಬಿಟ್ಟಿದ್ರೆ ಒಂದು ಪಾಯಿಂಟ್ ಉಳಿಸಿದ ಹೆಮ್ಮೆ ಇರ್ತಿತ್ತು, ಆದ್ರೆ ಬಿದ್ದ ಬಾಲನ್ನ ಗೆರೆ ಪಕ್ಕದಲ್ಲೇ ಎತ್ಕೊಂಡು ಹಿಂದೆ ಸರಿದು ತಮ್ಮದೇ ಎಂಡ್ ಝೋನಲ್ಲಿ ಸಿಕ್ಕಾಕ್ಕೊಂಡ್ರು. ತಡೆದ ಪಾಯಿಂಟನ್ನ ತಾವೇ ವಾಪಸ್ ಕೊಟ್ರು. ಟಿವಿ ಮುಂದಿದ್ದ ಅರ್ಧ ಅಮೆರಿಕಕ್ಕೆ ಈ ರೂಲ್ ಇದೆ ಅಂತ ಅವತ್ತೇ ಗೊತ್ತಾಗಿದ್ದು.

ಇಂಥ ರೂಲ್ಸ್ ಯಾಕಿವೆ ಅಂತ ಕೇಳಿದ್ರೆ ನನ್ನ ಉತ್ತರ ಒಂದೇ, ಇದು ರಗ್ಬಿಯಿಂದ ಪಾಲು ತಗೊಂಡು ಬೇರೆ ಮನೆ ಮಾಡಿದ ಆಟ, ಬರುವಾಗ ತಂದ ಹಳೇ ಸಾಮಾನನ್ನ ಅಟ್ಟದ ಮೇಲೆ ಹಾಕಿಟ್ಟಿದಾರೆ, ಎಸೆಯೋಕೆ ಮನಸ್ಸಿಲ್ಲ. ಟಚ್‌ಡೌನ್ ಅನ್ನೋ ಹೆಸರೇ ನೋಡಿ. ರಗ್ಬಿಲಿ ಬಾಲನ್ನ ನಿಜವಾಗ್ಲೂ ನೆಲಕ್ಕೆ ಮುಟ್ಟಿಸಬೇಕು, ಅವರು ಅದಕ್ಕೆ ಟ್ರೈ ಅಂತಾರೆ. ಇಲ್ಲಿ ನೆಲಕ್ಕೆ ಮುಟ್ಟಿಸೋದೇ ಬೇಡ, ಬಾಲಿನ ಮೂತಿ ಗೆರೆ ಮೇಲೆ ಗಾಳಿಲಿ ದಾಟಿದ್ರೆ ಸಾಕು, ಅದಕ್ಕೆ ಟಚ್‌ಡೌನ್ ಅಂತ ಹೆಸರು. ಟ್ರೈ ಅನ್ನೋದು ಇಲ್ಲಿ ಆಮೇಲಿನ ಬೋನಸ್ಸಿಗೆ. ಹೆಸರಿನ ಚೀಟಿ ಅದಲು ಬದಲು ಆದ ಡಬ್ಬಗಳು, ಸಕ್ಕರೆ ಅಂತ ಬರೆದಿರತ್ತೆ, ಒಳಗೆ ಉಪ್ಪು. 1883ರಲ್ಲಿ ಅಮೆರಿಕದ ಕಾಲೇಜಿನೋರು ಮೊದಲ ಸಲ ಪಾಯಿಂಟ್ ಲೆಕ್ಕ ಇಟ್ಟಾಗ ಸೇಫ್ಟಿಗೆ 1, ಟಚ್‌ಡೌನ್‌ಗೆ ಬರೀ 2, ಆಮೇಲಿನ ಕಿಕ್ಕಿಗೆ 4, ಫೀಲ್ಡ್ ಗೋಲ್‌ಗೆ 5 ಇತ್ತು. ಕಾಲಿನ ಆಟ ಅನ್ನೋ ಹೆಸರಿಗೆ ಆಗ ಅರ್ಥ ಇತ್ತು ಅಂತ ಅಷ್ಟರಿಂದಲೇ ಗೊತ್ತಾಗತ್ತೆ. ಬರ್ತಾ ಬರ್ತಾ ಕಿಕ್ಕಿನ ಬೆಲೆ ಇಳೀತು, ಓಟದ ಬೆಲೆ ಏರಿತು, 1906ರಲ್ಲಿ ಮುಂದಕ್ಕೆ ಪಾಸ್ ಮಾಡೋಕೆ ಒಪ್ಪಿಗೆ ಸಿಕ್ತು, 1912ಕ್ಕೆ ಟಚ್‌ಡೌನ್ 6 ಆಯ್ತು.

ಅಟ್ಟದ ಸಾಮಾನನ್ನ ಅಪರೂಪಕ್ಕೆ ಯಾರಾದ್ರೂ ಇಳಿಸ್ತಾರೆ, ಆಗ ನೋಡೋಕೆ ಚೆಂದ. ಡ್ರಾಪ್ ಕಿಕ್ ಅಂತ ಒಂದಿದೆ, ಬಾಲನ್ನ ಕೈಯಿಂದ ಬಿಟ್ಟು ಅದು ನೆಲಕ್ಕೆ ಬಡಿದು ಏಳುವಾಗ ಒದೆಯೋದು. ಹಳೇ ಬಾಲ್ ದುಂಡಗಿತ್ತು, ನೆಟ್ಟಗೆ ಪುಟೀತಿತ್ತು, 1930ರ ದಶಕದಲ್ಲಿ ಪಾಸ್‌ಗೆ ಅನುಕೂಲ ಆಗ್ಲಿ ಅಂತ ತುದಿ ಚೂಪು ಮಾಡಿದ್ರು, ಆಮೇಲೆ ಅದು ಯಾವ ಕಡೆ ಪುಟಿಯತ್ತೆ ಅಂತ ದೇವರಿಗೇ ಗೊತ್ತು, ಡ್ರಾಪ್ ಕಿಕ್ ಸತ್ತೇ ಹೋಯ್ತು. 1941ರ ಫೈನಲ್ಲಲ್ಲಿ ಶಿಕಾಗೋ ಬೇರ್ಸ್ ಆಟಗಾರ ರೇ ಮೆಕ್ಲೀನ್ ಒಂದು ಹೊಡೆದಿದ್ದೇ ಕೊನೆ. ಆಮೇಲೆ 64 ವರ್ಷ ಯಾರೂ ಹೊಡೀಲಿಲ್ಲ. 2006ರ ಜನವರಿ 1ಕ್ಕೆ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಪರ ಡಗ್ ಫ್ಲೂಟಿ, ವಯಸ್ಸು 43, ಮಯಾಮಿ ಡಾಲ್ಫಿನ್ಸ್ ವಿರುದ್ಧ ಟಚ್‌ಡೌನ್ ಆದ್ಮೇಲೆ ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ಸುಮ್ನೆ ಹಿಂದೆ ಹಿಂದೆ ಹೋಗಿ ನಿಂತ್ಕೊಂಡ, ಬಾಲ್ ಬಂತು, ನೆಲಕ್ಕೆ ಬಿಟ್ಟ, ಒದ್ದ, ಒಳಗೆ. ಸದಾ ಮುಖ ಗಂಟು ಹಾಕ್ಕೊಂಡಿರೋ ಕೋಚ್ ಬಿಲ್ ಬೆಲಿಚಿಕ್ ಅವತ್ತು ನಕ್ಕಿದ್ದು ನೋಡಬೇಕಿತ್ತು. ಮ್ಯಾಚ್ ಪೇಟ್ರಿಯಟ್ಸ್ 28–26ಕ್ಕೆ ಸೋತ್ರು, ಅದು ಯಾರಿಗೂ ನೆನಪಿಲ್ಲ.

ಇದಕ್ಕಿಂತ ಹಳೇ ಪಾತ್ರೆ ಫೇರ್ ಕ್ಯಾಚ್ ಕಿಕ್. ಎದುರಾಳಿ ಪಂಟ್ ಮಾಡಿದ ಬಾಲನ್ನ ಕೈ ಮೇಲೆತ್ತಿ ಆಡಿಸಿ "ನಾನು ಓಡಲ್ಲ, ಮುಟ್ಟಬೇಡಿ" ಅಂತ ಸನ್ನೆ ಮಾಡಿ ಹಿಡಿದ್ರೆ, ಆ ಜಾಗದಿಂದಲೇ ಫೀಲ್ಡ್ ಗೋಲ್‌ಗೆ ಒದೆಯೋ ಹಕ್ಕು ಸಿಗತ್ತೆ, ಎದುರಾಳಿಗಳು 10 ಯಾರ್ಡ್ ದೂರ ನಿಲ್ಲಬೇಕು, ಕಾಲಿಗೆ ಅಡ್ಡ ಬೀಳೋರು ಯಾರೂ ಇಲ್ಲ. ಹುಟ್ಟಿದ ಮನೆ ರಗ್ಬಿಯವರೇ ಇದನ್ನ ಬಿಟ್ಟು ದಶಕಗಳಾಯ್ತು, ಎನ್‌ಎಫ್‌ಎಲ್ ಬಿಟ್ಟಿಲ್ಲ. 1976ರಲ್ಲಿ ಸ್ಯಾನ್ ಡಿಯಾಗೋ ಚಾರ್ಜರ್ಸ್‌ನ ರೇ ವೆರ್ಶಿಂಗ್ 45 ಯಾರ್ಡಿಂದ ಹಾಕಿದ್ದ. ಅದಾದ್ಮೇಲೆ ಆಗೊಬ್ರು ಈಗೊಬ್ರು ಪ್ರಯತ್ನ ಪಟ್ರು, ಒಂದೂ ಒಳಗೆ ಹೋಗ್ಲಿಲ್ಲ, 48 ವರ್ಷ.

2024ರ ಡಿಸೆಂಬರ್ 19, ಗುರುವಾರ ರಾತ್ರಿ, ಲಾಸ್ ಏಂಜಲೀಸ್ ಹತ್ರದ ಸೋಫೈ ಸ್ಟೇಡಿಯಂ, ಚಾರ್ಜರ್ಸ್ ಮತ್ತೆ ಡೆನ್ವರ್ ಬ್ರಾಂಕೋಸ್. ಮೊದಲರ್ಧ ಮುಗಿಯೋಕೆ ಕೆಲವೇ ಸೆಕೆಂಡ್ ಇದ್ದಾಗ ಡೆನ್ವರ್ ಪಂಟ್ ಮಾಡಿದ್ರು, ಚಾರ್ಜರ್ಸ್ ಹುಡುಗ ಡೆರಿಯಸ್ ಡೇವಿಸ್ ಕೈ ಆಡಿಸಿದಾನೆ, ಆದ್ರೂ ಡೆನ್ವರ್‌ನೋನೊಬ್ಬ ಬಂದು ಗುದ್ದಿದ. ದಂಡ 15 ಯಾರ್ಡ್, ಬಾಲ್ ಡೆನ್ವರ್‌ನ 47 ಯಾರ್ಡ್ ಗೆರೆಗೆ ಬಂತು. ಗಡಿಯಾರ ಸೊನ್ನೆ. ಟಿವಿ ನೋಡ್ತಿದ್ದೋರು ಕಾಫಿ ಮಾಡೋಕೆ ಎದ್ದಾಗಿದೆ. ಅಷ್ಟ್ರಲ್ಲಿ ಕೋಚ್ ಜಿಮ್ ಹಾರ್ಬಾ ಕಿಕ್ ತಗೋತೀವಿ ಅಂದ್ರು, ಈ ರೂಲ್ ಮೇಲೆ ಅವರಿಗೆ ಮೊದಲಿಂದ್ಲೂ ಕಣ್ಣಿತ್ತು. ಡೆನ್ವರ್‌ನೋರು ಏನು ನಡೀತಿದೆ ಅಂತ ಅರ್ಥ ಆಗದೆ ದೂರ ಸಾಲಾಗಿ ನಿಂತಿದಾರೆ, ಒಬ್ಬ ನೆಲದ ಮೇಲೆ ಬಾಲ್ ಹಿಡ್ಕೊಂಡಿದಾನೆ, ಕ್ಯಾಮರಾನ್ ಡಿಕರ್ ಆರಾಮಾಗಿ ಓಡಿ ಬಂದು ಒದ್ದ, 57 ಯಾರ್ಡ್, ಕಂಬದ ಮಧ್ಯೆ. ಮಾಮೂಲಿ ಫೀಲ್ಡ್ ಗೋಲಲ್ಲಿ ಬಾಲ್ ಏಳೆಂಟು ಯಾರ್ಡ್ ಹಿಂದಕ್ಕೆ ಕೊಟ್ಟು ಅಲ್ಲಿಂದ ಒದೀಬೇಕು, ಇಲ್ಲಿ ಆ ನಷ್ಟ ಇಲ್ಲ, 47ಕ್ಕೆ ಎಂಡ್ ಝೋನಿನ 10 ಸೇರಿಸಿ 57 ಅಷ್ಟೇ. ಈ ಥರದ ಕಿಕ್ಕಲ್ಲಿ ಎನ್‌ಎಫ್‌ಎಲ್ ದಾಖಲೆ ಅದು. ಚಾರ್ಜರ್ಸ್ 34–27ಕ್ಕೆ ಗೆದ್ರು.

ಡೆನ್ವರ್ ಹೆಸರು ನೆನಪಿಟ್ಕೊಳಿ, ಟ್ರಿವಿಯಾ ಪ್ರಿಯರಿಗೆ ಆ ಟೀಮ್ ಅಕ್ಷಯ ಪಾತ್ರೆ. ವಿಚಿತ್ರ ಏನೇ ಆಗ್ಲಿ ಅದು ಇವರ ತಲೆ ಮೇಲೇ ಆಗತ್ತೆ. 2014ರ ಫೆಬ್ರವರಿ 2, ನಿಮ್ಮ ನ್ಯೂಜೆರ್ಸಿಲೇ, ಈಸ್ಟ್ ರುದರ್‌ಫರ್ಡ್ ಸ್ಟೇಡಿಯಂನಲ್ಲಿ ಸೂಪರ್ ಬೌಲ್, ಸಿಯಾಟಲ್ ಸೀಹಾಕ್ಸ್ ಎದುರು ಡೆನ್ವರ್. ಮೊದಲ ಬಾಲ್. ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಗದ್ದಲದಲ್ಲಿ ಏನೋ ಕೂಗಿ ಹೇಳೋಕೆ ಮುಂದೆ ಬರ್ತಿದಾರೆ, ಸೆಂಟರ್ ಮ್ಯಾನಿ ರಮಿರೆಜ್ ಈಗಲೇ ಕೊಡಬೇಕು ಅಂದ್ಕೊಂಡು ಬಾಲನ್ನ ಹಿಂದಕ್ಕೆ ಎಸೆದ್ರು, ಅದು ಮ್ಯಾನಿಂಗ್ ಕಿವಿ ಪಕ್ಕ ಹಾರಿ ಸೀದಾ ಎಂಡ್ ಝೋನಿಗೆ. ನೋಷಾನ್ ಮೊರೆನೊ ಓಡಿಹೋಗಿ ಅದರ ಮೇಲೆ ಬಿದ್ದ, ಸೇಫ್ಟಿ. ಹನ್ನೆರಡೇ ಸೆಕೆಂಡ್, ಸೂಪರ್ ಬೌಲ್ ಇತಿಹಾಸದಲ್ಲೇ ಅತಿ ಬೇಗ ಬಂದ ಪಾಯಿಂಟ್. ಆಮೇಲೆ ಡೆನ್ವರ್ ಏಳಲೇ ಇಲ್ಲ, 43–8.

ಆ 43–8 ಅನ್ನೋ ಸ್ಕೋರ್ ಅಲ್ಲಿವರೆಗೆ ಲೀಗಲ್ಲಿ ಯಾವತ್ತೂ ಬಂದಿರ್ಲಿಲ್ಲ. ಹೀಗೆ ಮೊದಲ ಸಲ ಕಾಣಿಸೋ ಸ್ಕೋರಿಗೆ ಸ್ಕೋರಿಗಾಮಿ ಅಂತ ಒಂದು ಹೆಸರಿದೆ, ಜಾನ್ ಬೋಯ್ಸ್ ಅನ್ನೋ ಕ್ರೀಡಾ ಬರಹಗಾರ ಸ್ಕೋರ್ ಮತ್ತೆ ಒರಿಗಾಮಿ ಸೇರಿಸಿ ಮಾಡಿದ ಪದ. 2, 3, 6, 7, 8 ಹೀಗೆ ವಕ್ರ ವಕ್ರ ತುಂಡುಗಳಿಂದ ಮೊತ್ತ ಕೂಡಬೇಕಲ್ಲ, ಅದಕ್ಕೇ ಕೆಲವು ಸ್ಕೋರ್ ಮತ್ತೆ ಮತ್ತೆ ಬರತ್ತೆ, 20–17 ಎಲ್ಲಕ್ಕಿಂತ ಹೆಚ್ಚು ಸಲ ಬಂದಿದೆ, ಕೆಲವು ನೂರು ವರ್ಷ ಕಾದ್ರೂ ಬರಲ್ಲ. ಇಷ್ಟೊಂದು ಮ್ಯಾಚಲ್ಲಿ ಬೇರೆ ಬೇರೆ ಸ್ಕೋರು ಅಂತ ಎಣಿಸಿದ್ರೆ ಸಾವಿರಕ್ಕಿಂತ ಸ್ವಲ್ಪ ಮೇಲೆ ಅಷ್ಟೇ. ಮೇಲೆ 4 ಪಾಯಿಂಟ್ ಅಂದ್ನಲ್ಲ, ಅದು 1923ರಲ್ಲಿ, ಆಗಿನ ಶಿಕಾಗೋ ಕಾರ್ಡಿನಲ್ಸ್ ರೆಸಿನ್ ಲೀಜನ್ ಅನ್ನೋ ಟೀಮಿಗೆ 10–4ಕ್ಕೆ ಸೋತಿದ್ದು, ಎರಡು ಸೇಫ್ಟಿ ಬಿಟ್ರೆ ಏನಿಲ್ಲ. ಲೀಗಿನ ಅತಿ ಏಕಪಕ್ಷೀಯ ಸ್ಕೋರು 73–0, 1940ರ ಫೈನಲ್, ಬೇರ್ಸ್ ವಾಷಿಂಗ್ಟನ್ ಟೀಮನ್ನ ಅರೆದು ಹಾಕಿದ್ದು, ಅದೇ ವಾಷಿಂಗ್ಟನ್ ಮೂರು ವಾರದ ಹಿಂದೆ ಇದೇ ಬೇರ್ಸನ್ನ 7–3ಕ್ಕೆ ಸೋಲಿಸಿತ್ತು. ಒದ್ದ ಬಾಲೆಲ್ಲ ಜನರ ಮಧ್ಯೆ ಹೋಗಿ ವಾಪಸ್ ಬರ್ತಿಲ್ಲ, ಬಾಲ್ ಖಾಲಿ ಆಗ್ತಿದೆ, ಇನ್ಮೇಲೆ ಕಿಕ್ ಬೇಡ, ಓಡಿನೋ ಪಾಸ್ ಮಾಡಿನೋ ಬೋನಸ್ ತಗೊಳಿ ಅಂತ ರೆಫ್ರಿಗಳೇ ಕೇಳ್ಕೊಂಡ್ರಂತೆ.

ಇನ್ನು 2023ರ ಸೆಪ್ಟೆಂಬರ್ 24, ಮಯಾಮಿ 70, ಎದುರಾಳಿ 20. ಎದುರಾಳಿ ಯಾರು ಅಂತ ಹೇಳಬೇಕಾ? ಡೆನ್ವರ್. ಆ ದಿನ ಕೊನೆಗೆ ಮಯಾಮಿಗೆ ಒಂದು ಫೀಲ್ಡ್ ಗೋಲ್ ಹಾಕಿ 73 ಮಾಡೋ ಅವಕಾಶ ಇತ್ತು, ಹಾಕಿದ್ರೆ 1966ರಲ್ಲಿ ವಾಷಿಂಗ್ಟನ್ ಹೊಡೆದ 72ರ ರೆಗ್ಯುಲರ್ ಸೀಸನ್ ದಾಖಲೆ ಮುರೀತಿತ್ತು, ಕೋಚ್ ಮೈಕ್ ಮೆಕ್‌ಡೇನಿಯಲ್ ಬೇಡ ಅಂತ ಬಿಟ್ರು. ನನಗೇನೋ ಹಾಕಬೇಕಿತ್ತು ಅನ್ಸತ್ತೆ, 70 ತಿಂದೋರಿಗೆ ಇನ್ನೊಂದು 3ರಿಂದ ಏನು ಜಾಸ್ತಿ ಅವಮಾನ. ನಮ್ಮನೇಲಿ ಈ ವಿಷಯಕ್ಕೆ ಇವತ್ತಿಗೂ ಒಮ್ಮತ ಇಲ್ಲ.

ಆಫೀಸಲ್ಲಿ ರೂಲ್ ಗೊತ್ತಿರ್ಲಿಲ್ಲ ಅಂತ ನಕ್ರು ಅಂದ್ರಲ್ಲ, ಅದಕ್ಕೊಂದು ಸಮಾಧಾನ ಇದೆ. 2008ರ ನವೆಂಬರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಮತ್ತೆ ಸಿನ್ಸಿನಾಟಿ ಬೆಂಗಾಲ್ಸ್ ಮ್ಯಾಚ್ ಓವರ್‌ಟೈಮೂ ಮುಗಿದು 13–13 ಟೈ ಆಯ್ತು. ಈಗಲ್ಸ್ ಕ್ವಾರ್ಟರ್‌ಬ್ಯಾಕ್ ಡೊನವನ್ ಮೆಕ್‌ನ್ಯಾಬ್, ಆಗಲೇ ಹತ್ತನೇ ಸೀಸನ್ ಆಡ್ತಿದ್ದೋರು, ಸೂಪರ್ ಬೌಲ್ ಆಡಿದೋರು, ಪ್ರೆಸ್ ಮುಂದೆ ಬಂದು ಮ್ಯಾಚ್ ಟೈ ಆಗಬಹುದು ಅಂತಾನೇ ನನಗೆ ಗೊತ್ತಿರ್ಲಿಲ್ಲ ಅಂತ ಒಪ್ಕೊಂಡ್ರು. ಅವರಿಗಿಂತ ನಿಮ್ಮ ಸ್ಥಿತಿ ವಾಸಿ.

ಸರಿ, ಶುಕ್ರವಾರಕ್ಕೆ ಅಸ್ತ್ರ. 6–1 ಸಾಧ್ಯ ಅಂದೋರಿಗೆ ಸುಮ್ನೆ ಏನೂ ಗೊತ್ತಿಲ್ಲದೋರ ಹಾಗೆ ಕೇಳಿ, "ಹಾಗಾದ್ರೆ 7–1?" ಅಂತ. ನೂರಕ್ಕೆ ತೊಂಬತ್ತು ಜನ ಹೂಂ ಅದೂ ಆಗತ್ತೆ ಅಂತಾರೆ. ಆಗಲ್ಲ. ಯಾಕಂದ್ರೆ 'ಬ' ಟೀಮಿಗೆ ಆ 1 ಸಿಕ್ಕಿದ್ದು 'ಅ' ಟೀಮಿನ ಟ್ರೈಲಿ, ಅಂದ್ರೆ 'ಅ' ಟೀಮಿನ ಆ ಟಚ್‌ಡೌನ್ 6ಕ್ಕೇ ನಿಂತುಹೋಯ್ತು, ಅದರ ಬೋನಸ್ ಕಿಕ್ ಸುಟ್ಟುಹೋಯ್ತು. 6ನ್ನ 7 ಮಾಡೋಕೆ ಇನ್ನೊಂದೇ ಒಂದು ಪಾಯಿಂಟ್ ಬೇಕು, ಆ ಒಂದು ಪಾಯಿಂಟ್ ಸಿಗೋದು ಇನ್ನೊಂದು ಟ್ರೈಲಿ ಮಾತ್ರ, ಇನ್ನೊಂದು ಟ್ರೈ ಬೇಕು ಅಂದ್ರೆ ಇನ್ನೊಂದು ಟಚ್‌ಡೌನ್ ಹೊಡೀಬೇಕು, ಅಷ್ಟೊತ್ತಿಗೆ ಸ್ಕೋರ್ 12 ಆಗಿರತ್ತೆ. 8–1 ಆಗತ್ತೆ, ಒಂದು ಸೇಫ್ಟಿ ಸೇರಿಸಿದ್ರೆ ಸಾಕು. 9–1 ಆಗತ್ತೆ, ಒಂದು ಫೀಲ್ಡ್ ಗೋಲ್. ನಡುವೆ 7 ಒಂದು ಮಾತ್ರ ಹಲ್ಲು ಬಿದ್ದ ಬಾಯಿ ಥರ ಖಾಲಿ. ಕಾಗದ ಪೆನ್ನು ತಗೊಂಡು ಹೋಗಿ, ಯಾರಾದ್ರೂ ಒಪ್ಪದೆ ಜಗಳ ತೆಗೆದೇ ತೆಗೀತಾರೆ.